ಎರಡನೇ ದಿನ ಮಲಗುವ ಮಣ್ಣು

ನಾನು ಒಂದು ಟೈಂಪೀಸು. ಅಂಗೈಯಗಲದ ಹಸಿರು ಪ್ಲಾಸ್ಟಿಕ್ ಮೈ, ಬಿಳಿ ಮುಖ, ಹನ್ನೆರಡು ಕಪ್ಪು ಅಂಕಿ, ಬೆನ್ನಿನಲ್ಲಿ ಒಂದು ಬ್ಯಾಟರಿ. ಹುಟ್ಟಿದ್ದು ಗುಜರಾತಿನ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಜೋಡಿಸಿದ ಹೆಂಗಸು ಮುಳ್ಳುಗಳನ್ನು ಒಂದು ಸುತ್ತು ತಿರುಗಿಸಿ, ಕಿವಿಗೆ ಹಿಡಿದು ಕೇಳಿ, ಸರಿಯಿದೆ ಎಂಬಂತೆ ತಲೆಯಾಡಿಸಿ ಡಬ್ಬಿಗೆ ಹಾಕಿದಳು. ನಾನು ಸರಿಯಿದ್ದೇನೆ ಎಂಬ ಜಂಬ ಅಂದಿನಿಂದಲೇ ನನಗೆ ಅಂಟಿಕೊಂಡಿತು. ಮುಪ್ಪು ಬರುವ ತನಕ ನಾನು ಹೊತ್ತು ತಪ್ಪಿದವನಲ್ಲ. ಹೀಗಿದ್ದೂ ನನ್ನ ಕಣ್ಣೆದುರಿಗೇ ಒಂದು ದೊಡ್ಡ ಸುಳ್ಳು ಹುಟ್ಟಿ, ಎರಡು ವರ್ಷ ಸೊಂಪಾಗಿ ಬೆಳೆಯಿತು. ಅದರಲ್ಲಿ ನನ್ನ ಪಾಲೆಷ್ಟು ಎಂಬುದು ಇಂದಿಗೂ ನನಗೆ ಬಗೆಹರಿದಿಲ್ಲ.

ಕಾರ್ಖಾನೆಯಿಂದ ಹಡಗು, ಹಡಗಿನಿಂದ ಲಾರಿ, ಲಾರಿಯಿಂದ ಇಥಿಯೋಪಿಯಾ ದೇಶದ ಒಂದು ಸಂತೆಬೀದಿ. ಅಲ್ಲಿ ನನ್ನನ್ನು ಕೊಂಡವಳು ಎತ್ತೆನೆಶ್ ಎಂಬ ಒಬ್ಬ ಶಾಲಾ ಟೀಚರು. ಮನೆಗೆ ಒಯ್ದು ಮರುದಿನ ಬ್ಯಾಟರಿ ಹಾಕಿದಳು. ಆಗ ಬೆಳಗಿನ ಏಳು ಗಂಟೆ. ಕಿಟಕಿಯಲ್ಲಿ ಬಿಸಿಲು ಆಗಷ್ಟೇ ಕಾಲಿಟ್ಟಿತ್ತು. ಅವಳು ನನ್ನ ಮುಳ್ಳನ್ನು ತಿರುಗಿಸಿ ಒಂದರ ಮೇಲೆ ನಿಲ್ಲಿಸಿದಳು. ನಾನು ತಬ್ಬಿಬ್ಬಾದೆ. ಈ ಹೆಂಗಸಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದುಕೊಂಡೆ. ಆದರೆ ಅವಳ ಅಕ್ಕಪಕ್ಕದವರಿಗೂ, ಶಾಲೆಯವರಿಗೂ, ಬಸ್ಸಿನವರಿಗೂ ಅದು ಒಂದು ಗಂಟೆಯೇ ಆಗಿತ್ತು! ಒಂದು ಇಡೀ ದೇಶಕ್ಕೆ ಗಡಿಯಾರ ನೋಡಲು ಬರುವುದಿಲ್ಲವೆಂದರೆ ಹೇಗೆ?

ತಿಂಗಳೊಪ್ಪತ್ತಿನಲ್ಲಿ ವಿಷಯ ತಿಳಿಯಿತು. ಅಲ್ಲಿ ದಿನ ಶುರುವಾಗುವುದು ನಡುರಾತ್ರಿಯಲ್ಲ, ಸೂರ್ಯ ಹುಟ್ಟಿದಾಗ. ಹುಟ್ಟಿ ಒಂದು ತಾಸಾದರೆ ಒಂದು ಗಂಟೆ. ನೆತ್ತಿಗೆ ಬಂದರೆ ಆರು. ಮುಳುಗಿದರೆ ಹನ್ನೆರಡು. ಯೋಚಿಸಿದಷ್ಟೂ ಅದರಲ್ಲಿ ನ್ಯಾಯ ಕಂಡಿತು. ಯಾರೂ ಎದ್ದಿರದ ಹೊತ್ತಿನಲ್ಲಿ ದಿನ ಹುಟ್ಟಿತೆಂದು ಹೇಳುವುದರಲ್ಲಿ ಏನು ಅರ್ಥವಿದೆ? ನಾನು ಒಗ್ಗಿಕೊಂಡೆ.

ಎತ್ತೆನೆಶ್‌ಳ ಮನೆ ಇದ್ದದ್ದು ಎರೆಮಣ್ಣಿನ ಮೇಲೆ. ಮಳೆಗೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು, ಇದೇ ಆ ಮಣ್ಣಿನ ಕೆಲಸ. ನಾನಿದ್ದ ಗೂಡಿನ ಪಕ್ಕದಲ್ಲಿ ಗೋಡೆ ಸೀಳಿತ್ತು. ಮೊದಲು ಕೂದಲಿನಷ್ಟಿದ್ದ ಬಿರುಕು ಆಮೇಲೆ ಬೆರಳು ಹೋಗುವಷ್ಟಾಯಿತು. ಅವಳ ಮಗಳು ಹಿರುತ್ ಚಿಕ್ಕವಳಿದ್ದಾಗ ಅದರೊಳಗೆ ಪೆನ್ಸಿಲ್ ಬಚ್ಚಿಡುತ್ತಿದ್ದಳು. ದೊಡ್ಡವಳಾಗಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಮಳೆಗಾಲ ಬಂದಾಗಲೆಲ್ಲ ಆ ಬಿರುಕಿಗೆ ಸ್ಕೇಲು ಹಿಡಿದು ಅಳೆಯುತ್ತಿದ್ದಳು. "ಇದಕ್ಕೊಂದು ಮದ್ದು ಕಂಡುಹಿಡಿಯುತ್ತೇನೆ ಅಮ್ಮ" ಎನ್ನುತ್ತಿದ್ದಳು.

ಆ ಮದ್ದನ್ನು ಹುಡುಕಿಕೊಂಡು ಅವಳು ಬಂದದ್ದು ನಮ್ಮ ಬಾಗಲಕೋಟೆ ಸೀಮೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ, ಪಿಎಚ್.ಡಿ. ಮಾಡಲು. ಅದೇ ಎರೆಮಣ್ಣು, ಅದೇ ಬಿರುಕು, ಸಕ್ಕರೆ ಕಾರ್ಖಾನೆಯೂ ಹತ್ತಿರ. ಕಬ್ಬಿನ ಸಿಪ್ಪೆ ಸುಟ್ಟ ಬೂದಿಯನ್ನು ಮಣ್ಣಿಗೆ ಬೆರೆಸಿದರೆ ಅದರ ಉಬ್ಬು ತಗ್ಗುವುದೇ ಎಂಬುದು ಅವಳ ಪ್ರಶ್ನೆ. ನಾಲ್ಕು ವರ್ಷದ ರಜೆ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಊರಿನಲ್ಲಿ ಕೆಲಸ ಇಲ್ಲ ಎಂದು ಕಾಗದದಲ್ಲೇ ಬರೆದಿತ್ತು. ಹೊರಡುವಾಗ ತಾಯಿ ನನ್ನನ್ನು ಸೀರೆಯಂಥ ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಹೀಗೆ ನಾನು ಹುಟ್ಟಿದ ದೇಶಕ್ಕೆ ಪರದೇಶಿಯಾಗಿ ಮರಳಿದೆ.

ಪ್ರಯೋಗಾಲಯದಲ್ಲಿ ಹಿರುತ್ ನನ್ನನ್ನು ಮಣ್ಣಿನ ಉಬ್ಬು ಅಳೆಯುವ ಯಂತ್ರದ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಇಲ್ಲಿನ ಸೂರ್ಯನನ್ನು ನೋಡಿ ಮುಳ್ಳು ಸರಿಪಡಿಸಿದಳು, ಆದರೆ ತನ್ನ ಊರಿನ ರೀತಿಯಲ್ಲೇ. ಎದುರಿಗೆ ಬಾಗಿಲ ಮೇಲೆ ಒಂದು ದುಂಡನೆಯ ಗೋಡೆ ಗಡಿಯಾರವಿತ್ತು. ಅದು ಎಂಟು ಎಂದರೆ ನಾನು ಎರಡು. ಅದು ಹನ್ನೊಂದು ಎಂದರೆ ನಾನು ಐದು. ನಿಮಿಷದ ಮುಳ್ಳು ಮಾತ್ರ ಇಬ್ಬರದೂ ಒಂದೇ ಕಡೆ. ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ಯಾರು ಸರಿ? ಅದೂ ನನ್ನಷ್ಟೇ ಜಂಬದಿಂದ ಟಿಕ್ ಟಿಕ್ ಎನ್ನುತ್ತಿತ್ತು. ಮೊದಲ ಆರು ತಿಂಗಳು ನನಗೆ ತಲೆ ಚಿಟ್ಟು ಹಿಡಿದಿತ್ತು.

ಹಿರುತ್‌ಳ ತಲೆಯೂ ಅದಕ್ಕಿಂತ ಚೆನ್ನಾಗಿರಲಿಲ್ಲ. ಆಫೀಸಿನಲ್ಲಿ "ಮಾಡೋಣ್ರಿ" ಎಂದರೆ ಆಯಿತು ಎಂದೋ ಆಗುವುದಿಲ್ಲ ಎಂದೋ ಅವಳಿಗೆ ತಿಳಿಯದು. ತಲೆಯನ್ನು ಅತ್ತಿತ್ತ ತೂಗಿದರೆ ಹೌದೋ ಅಲ್ಲವೋ ತಿಳಿಯದು. ಪ್ರಬಂಧದ ಶೀರ್ಷಿಕೆ ಒಂದೇ ವರ್ಷದಲ್ಲಿ ಮೂರು ಸಲ ಬದಲಾಯಿತು. ಏಕೆ ಬದಲಾಯಿತೆಂದು ಕೇಳಲು ಧೈರ್ಯ ಸಾಲದು. ಸಂಜೆ ಸ್ಟೂಲಿನ ಮೇಲೆ ಕುಳಿತು ನನ್ನನ್ನೇ ನೋಡುತ್ತ, "ನಾನು ಇಲ್ಲಿ ಏನು ಮಾಡುತ್ತಿದ್ದೇನೆ?" ಎಂದು ತನ್ನ ಭಾಷೆಯಲ್ಲಿ ಕೇಳಿಕೊಳ್ಳುತ್ತಿದ್ದಳು. ಸಮಯ ಕೇಳಿದರೆ ಹೇಳಬಲ್ಲೆ. ಅದನ್ನೇ ಹೇಳುತ್ತ ಹೋದೆ.

ಅವಳ ಗೈಡು ಕುಮುದಿನಿ ದೇಸಾಯಿ ಮೇಡಂ. ಚುರುಕು ಹೆಂಗಸು, ನಡೆಯುತ್ತಲೇ ಮಾತಾಡುವವರು. ಪ್ರಯೋಗಾಲಯದ ಅಟೆಂಡರು ರೇವಣಯ್ಯ. ನಿವೃತ್ತಿಗೆ ಮೂರ್ನಾಲ್ಕು ವರ್ಷ ಉಳಿದಿದ್ದ ಈ ಅಯ್ಯನವರ ಹಣೆಯ ಮೇಲೆ ವಿಭೂತಿ, ಮೊಣಕೈವರೆಗೆ ಎರೆಮಣ್ಣು. ಮಣ್ಣು ಜರಡಿ ಹಿಡಿಯುವುದು ಸರಕಾರಿ ಕೆಲಸ. ಕಾಲೇಜಿನವರ ಮದುವೆ, ಗೃಹಪ್ರವೇಶಗಳಿಗೆ ಪಂಚಾಂಗ ನೋಡಿ ಹೊತ್ತು ಹೇಳುವುದು ಮನೆತನದ ಕೆಲಸ. ಪಂಚಾಂಗ ಇರುತ್ತಿದ್ದುದು ಮಣ್ಣಿನ ಡಬ್ಬಿಗಳ ಡ್ರಾಯರಿನಲ್ಲೇ.

ಹಿರುತ್‌ಳ ಊರಿನಲ್ಲಿ ಹೌದು ಎನ್ನುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ. ಥಟ್ಟನೆ ಒಂದು ಉಸಿರು ಒಳಗೆಳೆದರೆ ಸಾಕು. ರೇವಣಯ್ಯನಿಗೆ ಅದು ಗೊತ್ತಿಲ್ಲ. "ಊಟ ಆತೇನವಾ?" ಎಂದರೆ ಇವಳು ಹಕ್ ಎಂದು ಉಸಿರೆಳೆಯುವಳು. ಹುಡುಗಿಗೆ ದಮ್ಮಿನ ಕಾಯಿಲೆ ಎಂದು ಅವನ ತೀರ್ಮಾನ. ದಿನವೂ ಶುಂಠಿ ಕಷಾಯ ತಂದುಕೊಟ್ಟ. ಇದು ಈ ಊರಿನ ಪದ್ಧತಿ ಇರಬೇಕೆಂದು ಅವಳು ಕಣ್ಣು ಮುಚ್ಚಿ ಕುಡಿದಳು. ಮೂರನೆಯ ವಾರ ದೇಸಾಯಿ ಮೇಡಂ ನಡುವೆ ಬಂದು ಇಬ್ಬರನ್ನೂ ಬಿಡಿಸಿದರು.

ಇನ್ನು ನನ್ನ ವಿಷಯ. ನಾನು ಕೆಟ್ಟ ಗಡಿಯಾರ ಎಂದು ರೇವಣಯ್ಯ ಮೊದಲ ದಿನವೇ ನಿರ್ಧರಿಸಿದ್ದ. ಬೆಳಿಗ್ಗೆ ಎಂಟಕ್ಕೆ ಎರಡು ತೋರಿಸುವುದನ್ನು ಮತ್ತೇನೆನ್ನಬೇಕು? ಆದರೆ ಇದು ಅಮ್ಮ ಕೊಟ್ಟದ್ದು ಎಂದು ಹಿರುತ್ ಹೇಳಿದ್ದಳಲ್ಲ, ಅದಕ್ಕೇ ಅವನು ತುಟಿ ಬಿಚ್ಚಲಿಲ್ಲ. ದೂರದಿಂದ ಬಂದ ಹುಡುಗಿಯ ಮನಸ್ಸು ನೋಯಿಸಬಾರದು ಎಂದು ಅವನು ಹೆಂಡತಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನನಗೆ ಅವಮಾನವಾಯಿತು. ಕೆಟ್ಟಿದ್ದೇನೆ ಎಂದು ಬಾಯಿ ತುಂಬ ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಆಮೇಲೆ ತಿಳಿಯಿತು.

ಪರೀಕ್ಷೆಯ ಕ್ರಮ ಹೀಗೆ. ಪ್ರತಿ ಶನಿವಾರ ಎಂಟು ಗಂಟೆಗೆ, ಅಂದರೆ ನನ್ನ ಎರಡಕ್ಕೆ, ಹೊಸ ಮಣ್ಣಿನ ಬಿಲ್ಲೆಯೊಂದನ್ನು ಉಂಗುರದಲ್ಲಿಟ್ಟು ನೀರು ತುಂಬುವುದು. ಮಣ್ಣು ನೀರು ಕುಡಿದು ನಿಧಾನವಾಗಿ ಏಳುತ್ತದೆ. ಎಷ್ಟು ಎದ್ದಿತು ಎಂಬುದನ್ನು ಮೇಲಿನ ಡಯಲು ತೋರಿಸುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಎಂದು ಬರೆಯುತ್ತ ಹೋಗಬೇಕು. ಹಿರುತ್ ಬರೆಯುತ್ತಿದ್ದುದು ನನ್ನನ್ನು ನೋಡಿ. ಎಷ್ಟು ತಾಸು ಕಳೆಯಿತು ಎಂಬುದಷ್ಟೇ ಲೆಕ್ಕಕ್ಕೆ ಬೇಕಾದದ್ದು. ಎರಡಕ್ಕೆ ಶುರು ಮಾಡಿ ಐದಕ್ಕೆ ನೋಡಿದರೂ ಮೂರು ತಾಸು, ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ನೋಡಿದರೂ ಮೂರು ತಾಸು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಭಾನುವಾರ ಮಾತ್ರ ಅವಳು ಬಸ್ಸು ಹಿಡಿದು ದೂರದ ಊರಿನ ಚರ್ಚಿಗೆ ಹೋಗುತ್ತಿದ್ದಳು. ಅವತ್ತಿನ ಎರಡು ಅಳತೆ ರೇವಣಯ್ಯನ ಪಾಲಿಗೆ. ಅವನ ಮನೆ ಕಾಲೇಜಿನ ಹಿಂದೆಯೇ. ಮೊದಲ ಸಲ ಅವಳು ನನ್ನತ್ತ ಬೆರಳು ಮಾಡಿ, ಇದನ್ನು ನೋಡಿ ಬರೆಯಿರಿ ಎಂದಳು. ಅವನು ತಲೆ ತೂಗಿದ. ಪಾಪ, ಇರಲಿ ಬಿಡು ಎಂಬ ತೂಗು ಅದು. ಅವಳು ಒಪ್ಪಿಗೆ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಬರುತ್ತಿದ್ದ. ನನ್ನ ಮುಳ್ಳು ಒಂದರ ಮೇಲೆ. ಅವನು ನನ್ನ ನೆತ್ತಿಯ ಮೇಲಿಂದ ಬಾಗಿಲ ಗಡಿಯಾರ ನೋಡಿ, ಚೀಟಿಯಲ್ಲಿ ಡಯಲಿನ ಅಳತೆಯ ಪಕ್ಕ "7" ಎಂದು ಬರೆಯುತ್ತಿದ್ದ. ಊಟ ಮಾಡಿ ಮತ್ತೆ ಬರುತ್ತಿದ್ದ. ನನ್ನ ಮುಳ್ಳು ಏಳರ ಮೇಲೆ. ಅವನು ಬರೆಯುತ್ತಿದ್ದುದು "1". ಸೋಮವಾರ ಹಿರುತ್ ಚೀಟಿ ನೋಡುತ್ತಿದ್ದಳು. ಅವಳ ಪ್ರಕಾರ ಏಳು ಎಂದರೆ ಮಧ್ಯಾಹ್ನ, ಆಮೇಲಿನ ಒಂದು ಎಂದರೆ ಸಂಜೆ ಹೊತ್ತು ಮುಳುಗಿದ ಮೇಲೆ. ಮುದುಕರು, ಭಾನುವಾರ ತಡವಾಗಿ ಬರುತ್ತಾರೆ, ಅಷ್ಟೂ ಮಾಡುತ್ತಾರಲ್ಲ ಎಂದುಕೊಂಡು, ಎರಡೂ ಅಳತೆಗಳನ್ನು ಆರಾರು ತಾಸು ಮುಂದಕ್ಕೆ ಗುರುತಿಸುತ್ತಿದ್ದಳು. ಹಿರಿಯರನ್ನು ಏಕೆ ತಡ ಎಂದು ಕೇಳುವುದು ಅವಳ ಊರಿನಲ್ಲಿ ಸಲ್ಲದ ಮಾತು.

ನಾನು ಎಲ್ಲವನ್ನೂ ನೋಡುತ್ತಿದ್ದೆ. ನೋಡುತ್ತಿದ್ದೆ ಎಂದರೆ ತಿಳಿಯುತ್ತಿತ್ತು ಎಂದಲ್ಲ.

ಗ್ರಾಫಿನಲ್ಲಿ ಒಂದು ವಿಚಿತ್ರ ಕಾಣಿಸಿತು. ಶನಿವಾರ ಮಣ್ಣು ಚುರುಕಾಗಿ ಏಳುತ್ತದೆ. ಎರಡನೆಯ ದಿನ ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಬಹುತೇಕ ಮಲಗಿಬಿಡುತ್ತದೆ. ಮೂರನೆಯ ದಿನ ಮತ್ತೆ ಎದ್ದು ಓಡುತ್ತದೆ. ಒಂದು ಬಿಲ್ಲೆಯಲ್ಲಲ್ಲ, ಪ್ರತಿಯೊಂದರಲ್ಲೂ. ಹಿರುತ್ ಡಯಲು ಬದಲಾಯಿಸಿದಳು, ನೀರು ಬದಲಾಯಿಸಿದಳು, ಬೇರೆ ಹೊಲದ ಮಣ್ಣು ತಂದಳು. ಮಣ್ಣು ಎರಡನೆಯ ದಿನ ಮಲಗಿಯೇ ಮಲಗಿತು. ಅವಳು ಹೆದರಿ ದೇಸಾಯಿ ಮೇಡಂಗೆ ತೋರಿಸಿದಳು.

ಮೇಡಂ ನಡೆಯುವುದನ್ನು ನಿಲ್ಲಿಸಿದ್ದು ನಾನು ನೋಡಿದ್ದು ಅದೊಂದೇ ದಿನ. "ಹಿರುತ್, ಇದು ತಪ್ಪಲ್ಲ. ಇಪ್ಪತ್ಮೂರರಾಗ ಇಪ್ಪತ್ಮೂರೂ ಹಿಂಗ ಅದಾವಂದ್ರ ಇದು ಹೊಸಾದು! ಬೂದಿ ಮತ್ತ ಮಣ್ಣು ಒಂದಕ್ಕೊಂದು ಹಿಡಕೋಳಿಕ್ಕೆ ಒಂದು ವಿರಾಮ ತಗೋತಾವ. ಇದೇ ನಿನ್ನ ಥೀಸಿಸ್ಸು!"

ನಾಲ್ಕನೆಯ ಸಲ ಶೀರ್ಷಿಕೆ ಬದಲಾಯಿತು. ಎರಡನೇ ದಿನದ ವಿರಾಮ ಎಂಬುದೇ ಒಂದು ಅಧ್ಯಾಯವಾಯಿತು. ಅದರ ಮೇಲೆ ಬರೆದ ಲೇಖನವನ್ನು ದೊಡ್ಡ ಸಮ್ಮೇಳನವೊಂದು ಒಪ್ಪಿಕೊಂಡಿತು. ಮೇಡಂ ಹೋದಬಂದವರಿಗೆಲ್ಲ ಗ್ರಾಫು ತೋರಿಸಿದರು. ಹಿರುತ್ ತಾಯಿಗೆ ಫೋನು ಮಾಡಿ, ನಾನು ಏನನ್ನೋ ಕಂಡುಹಿಡಿದೆ ಎಂದು ಅತ್ತಳು. ಆದರೂ ಒಬ್ಬಳೇ ಇದ್ದಾಗ ಯಂತ್ರದ ಮುಂದೆ ಬಗ್ಗಿ, "ನೀನು ಯಾಕೆ ಮಲಗುತ್ತೀಯ?" ಎಂದು ಮಣ್ಣನ್ನು ಕೇಳುತ್ತಿದ್ದಳು. ಅವಳಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ರಜೆ ಮುಗಿಯಲು ಐದು ತಿಂಗಳು ಉಳಿದಿತ್ತು. ಬಾಹ್ಯ ಪರೀಕ್ಷಕರ ಮುಂದೆ ಕೊನೆಯ ಸೆಮಿನಾರು ಸೋಮವಾರಕ್ಕೆ ಗೊತ್ತಾಯಿತು. ಗುರುವಾರ ಬೆಳಿಗ್ಗೆ ರೇವಣಯ್ಯ ಡ್ರಾಯರಿನಿಂದ ಪಂಚಾಂಗ ತೆಗೆದ.

"ತಂಗಿ, ಸೋಮವಾರ ನೀ ಎಷ್ಟಕ್ಕ ಮಾತ ಸುರು ಮಾಡಬೇಕು ಅಂತ ನೋಡತೀನಿ ತಡಿ. ಹಾಂ, ಸೂರ್ಯೋದಯದಿಂದ ಐದು ಗಳಿಗಿ ಆದ ಮ್ಯಾಲೆ ಚೊಲೊ ಐತಿ."

"ಗಳಿಗಿ ಅಂದರೆ ಏನ್ರಿ ಅಯ್ಯಾವ್ರ?" ಮೂರೂವರೆ ವರ್ಷದಲ್ಲಿ ಅವಳು ಅವನ ಕನ್ನಡವನ್ನೇ ಕಲಿತಿದ್ದಳು.

"ಎರಡೂವರಿ ಗಳಿಗಿ ಅಂದ್ರ ಒಂದು ತಾಸು. ನಮ್ಮ ಪಂಚಾಂಗದಾಗ ನಡುರಾತ್ರಿ ಲೆಕ್ಕ ಇಲ್ಲವಾ. ಸೂರ್ಯ ಹುಟ್ಟಿದಾಗ ದಿನ ಸುರು. ಅಲ್ಲಿಂದ ಎಣಿಸೋದು."

ಹಿರುತ್‌ಳ ಮುಖ ಅರಳಿತು. "ನಮ್ಮದೂ ಹಂಗ! ಐದು ಗಳಿಗಿ ಅಂದರೆ ಎರಡು ತಾಸು. ನೋಡ್ರಿ!" ಎಂದು ನನ್ನನ್ನು ಎತ್ತಿ ಅವನ ಮುಖಕ್ಕೆ ಹಿಡಿದಳು. ಆಗ ನನ್ನ ಮುಳ್ಳು ಸರಿಯಾಗಿ ಎರಡರ ಮೇಲಿತ್ತು. ಬಾಗಿಲ ಗಡಿಯಾರದಲ್ಲಿ ಎಂಟು.

ರೇವಣಯ್ಯ ನನ್ನನ್ನು ನೋಡಿದ. ಗಡಿಯಾರ ನೋಡಿದ. ಪಂಚಾಂಗ ನೋಡಿದ. "ಏ ತಂಗಿ... ಹಂಗಾರ ಇದು ಕೆಟ್ಟಿಲ್ಲೇನು?"

ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ನನಗಂತೂ ಎದೆ ಉಬ್ಬಿತು, ಮೂರೂವರೆ ವರ್ಷದ ಅವಮಾನ ತೊಳೆದುಹೋಯಿತಲ್ಲ! ಆಮೇಲೆ ಅವಳ ನಗು ಅರ್ಧಕ್ಕೇ ನಿಂತಿತು. ನನ್ನನ್ನು ಮೆಲ್ಲನೆ ಕಟ್ಟೆಯ ಮೇಲಿಟ್ಟಳು.

"ಅಯ್ಯಾವ್ರ, ಭಾನುವಾರ ನೀವು ಯಾವ ಗಡಿಯಾರ ನೋಡಿ ಬರದ್ರಿ?"

"ಬಾಗಲ ಮ್ಯಾಲಿಂದು. ಇದು ಕೆಟ್ಟೈತಿ ಅಂತ ತಿಳದಿದ್ನೆಲ್ಲವಾ."

"ಯಾವಾಗ ಬರ್ತಿದ್ರಿ?"

"ಮುಂಜಾನಿ ಏಳಕ್ಕ. ಮತ್ತ ಉಂಡು ಒಂದಕ್ಕ. ಯಾಕವಾ?"

ಅವಳು ಚೀಟಿಗಳ ಕಟ್ಟು ತೆಗೆದು ಬಿಚ್ಚಿದಳು. ಎರಡು ವರ್ಷದ ಭಾನುವಾರಗಳೆಲ್ಲ ಅಲ್ಲಿದ್ದವು. ಒಂದೊಂದು ಗ್ರಾಫನ್ನೂ ತೆಗೆದು, ಭಾನುವಾರದ ಎರಡು ಚುಕ್ಕೆಗಳನ್ನು ಆರಾರು ತಾಸು ಹಿಂದಕ್ಕೆ ಸರಿಸಿದಳು. ಮೊದಲ ಬಿಲ್ಲೆಯ ವಿರಾಮ ಮಾಯವಾಯಿತು. ಎರಡನೆಯದರದೂ ಮಾಯ. ಊಟದ ಹೊತ್ತು ದಾಟುವಷ್ಟರಲ್ಲಿ ಅಷ್ಟೂ ಗೆರೆಗಳು ನಯವಾಗಿ, ಸಾಧಾರಣವಾಗಿ, ಲೋಕದ ಎಲ್ಲ ಎರೆಮಣ್ಣಿನ ಹಾಗೆ ಬಾಗಿ ನಿಂತಿದ್ದವು. ಮಣ್ಣು ಯಾವತ್ತೂ ಮಲಗಿರಲಿಲ್ಲ. ಬೆಳಗಿನ ಉಬ್ಬನ್ನು ಮಧ್ಯಾಹ್ನದ್ದೆಂದು ಗುರುತಿಸಿದ್ದರಿಂದ ಹಿಂದೆ ಬಿದ್ದಂತೆ ಕಂಡಿತ್ತು, ಅಷ್ಟೆ.

ರೇವಣಯ್ಯನಿಗೆ ಗ್ರಾಫು ಓದಲು ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ತಾನು ಏನೋ ಹಾಳುಮಾಡಿದೆ ಎಂದು ತಿಳಿದು ಸ್ಟೂಲಿನ ಮೇಲೆ ಕುಸಿದ. "ಯಾರಿಗೆ ಗೊತ್ತಾಗತೈತಿ ತಂಗಿ? ಚೀಟಿ ಸುಟ್ಟ ಬಿಡೋಣು. ಇಲ್ಲಾಂದ್ರ ನನ್ನ ಮ್ಯಾಲೆ ಹಾಕು. ಮುದುಕ ತಪ್ಪ ಬರದಾನ ಅಂತ ಹೇಳು. ನನಗೇನ ಮಾಡತಾರ?"

ಹಿರುತ್ ಚೀಟಿಗಳನ್ನು ಮತ್ತೆ ಒಂದೊಂದಾಗಿ ಜೋಡಿಸತೊಡಗಿದಳು. ಅವಳ ತಲೆಯಲ್ಲಿ ಏನು ನಡೆದಿತ್ತೆಂದು ನನಗೆ ಗೊತ್ತು, ಏಕೆಂದರೆ ಆಮೇಲೆ ತಾಯಿಗೆ ಫೋನಿನಲ್ಲಿ ಹೇಳಿದಳು. ಸುಮ್ಮನಿದ್ದರೆ ಸೋಮವಾರ ಮುಗಿಯುತ್ತದೆ. ಐದು ತಿಂಗಳಲ್ಲಿ ಪದವಿ ಕೈಯಲ್ಲಿ. ಹೇಳಿದರೆ ಅಧ್ಯಾಯ ಹೋಗುತ್ತದೆ, ಲೇಖನ ಹೋಗುತ್ತದೆ, ಬಹುಶಃ ಊರಿನ ಕೆಲಸವೂ. ಆದರೆ ಯಾರೋ ಒಬ್ಬರು ಅವಳ ಅಧ್ಯಾಯ ಓದಿ, ಎರಡನೆಯ ದಿನ ಮಣ್ಣು ಮಲಗಿರುತ್ತದೆ ಎಂದು ನಂಬಿ, ಆ ದಿನವೇ ತಾಯಿಯ ಮನೆಯಂಥ ಒಂದು ಮನೆಯ ಪಾಯ ಹಾಕಿದರೆ?

"ನೀವು ತಪ್ಪು ಬರದಿಲ್ಲರಿ" ಎಂದಳು. "ನಾ ಕೇಳಲಿಲ್ಲ." ನನ್ನನ್ನೂ ಚೀಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಮೇಡಂ ಕೋಣೆಗೆ ನಡೆದಳು.

ದೇಸಾಯಿ ಮೇಡಂ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದರು. "ಎರಡು ವರ್ಷ! ಎರಡು ವರ್ಷ ಒಂದ ಖೋಲ್ಯಾಗ ಕೂತು ನಿಮ್ಮಿಬ್ಬರಿಗೂ ಇದು ಗೊತ್ತಾಗಲಿಲ್ಲ?" ಎಂದು ಮೇಜು ಗುದ್ದಿದರು. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ನನ್ನ ಅಲಾರಂ ಬಡಿದುಕೊಂಡಿತು. ಅದನ್ನು ನಿಲ್ಲಿಸಲು ನನ್ನನ್ನು ಕೈಗೆತ್ತಿಕೊಂಡವರು ಹಾಗೆಯೇ ಹಿಡಿದು ಕುಳಿತರು. ಕಣ್ಣಲ್ಲಿ ನೀರಿತ್ತು. "ಖುಷಿ ಆಗಿತ್ತು ನನಗ. ಅದಕ್ಕ ನಾನೂ ಕೇಳಲಿಲ್ಲ" ಎಂದರು. ಆ ಸಂಜೆಯೇ ಸಮ್ಮೇಳನದವರಿಗೆ ಪತ್ರ ಬರೆದು ಲೇಖನ ಹಿಂದಕ್ಕೆ ಪಡೆದರು.

ಸೋಮವಾರ ಹಿರುತ್ ಸೆಮಿನಾರು ಶುರು ಮಾಡಿದ್ದು ಸೂರ್ಯೋದಯದಿಂದ ಐದು ಗಳಿಗೆಗೇ. ನನ್ನನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಕೆಲವರು ನಕ್ಕರು. ನನಗೆ ಮುಖ ಮುಚ್ಚಿಕೊಳ್ಳೋಣ ಎನಿಸಿತು, ಕೈಗಳಿದ್ದರೂ ಅವು ಮುಖದ ಮೇಲೆ ಸುತ್ತುವ ಕೈಗಳಷ್ಟೇ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಹಾಗಾದರೆ ನಿಮ್ಮ ಮಣ್ಣು ಎರಡನೆಯ ದಿನ ಮಲಗುವುದಿಲ್ಲ?"

"ಇಲ್ಲ ಸರ್. ಮಲಗಿದ್ದು ನಾವು."

ಅವರು ನಗಲಿಲ್ಲ. ಚೀಟಿಗಳನ್ನು ಒಂದೊಂದಾಗಿ ನೋಡಿದರು. ಮುದುಕನ ನೆನಪಿನ ಮೇಲೆ ಅಂಕಿ ತಿದ್ದಲು ಆಗುವುದಿಲ್ಲ, ಆರು ಬಿಲ್ಲೆಗಳನ್ನು ಮತ್ತೆ ಮಾಡಿ, ಭಾನುವಾರ ನೀವೇ ನಿಂತು ಅಳೆಯಿರಿ ಎಂದರು. ಬೂದಿ ಮಣ್ಣಿಗೆ ಹಿಡಿದು ಆರು ಬಿಲ್ಲೆಗೆ ಹದ ಬರಲು ಕಾಯುವುದೇ ಎರಡು ತಿಂಗಳು. ಹಿರುತ್ ಅಷ್ಟು ದಿನ ಭಾನುವಾರದ ಚರ್ಚು ಬಿಟ್ಟಳು. ಭಾನುವಾರ ಬೆಳಿಗ್ಗೆ ಅವಳೂ ರೇವಣಯ್ಯನೂ ಇಬ್ಬರೂ ಬಂದು, ಒಬ್ಬರು ನನ್ನನ್ನು, ಒಬ್ಬರು ಬಾಗಿಲ ಗಡಿಯಾರವನ್ನು ನೋಡಿ, ಎರಡನ್ನೂ ಜೋರಾಗಿ ಹೇಳಿ ಬರೆದರು. "ಒಂದು!" "ಏಳು!" ಹೊರಗಿನವರು ಕೇಳಿದರೆ ಜಗಳ ಎನ್ನಬೇಕು. ರಜೆ ಮುಗಿಯಲು ಹನ್ನೊಂದು ದಿನ ಇದ್ದಾಗ ಪ್ರಬಂಧ ಒಪ್ಪಿಸಿದಳು. ಅದರಲ್ಲಿ ಹೊಸ ವಿರಾಮವೇನೂ ಇರಲಿಲ್ಲ. ಕಬ್ಬಿನ ಬೂದಿ ಬೆರೆಸಿದರೆ ಎರೆಮಣ್ಣಿನ ಉಬ್ಬು ಅರ್ಧಕ್ಕಿಳಿಯುತ್ತದೆ ಎಂದಷ್ಟೇ ಇತ್ತು.

ಹೊರಡುವ ದಿನ ಅವಳು ನನ್ನನ್ನು ರೇವಣಯ್ಯನ ಕೈಗಿಟ್ಟಳು. "ಮತ್ತ ಬರ್ತೀಯಿಲ್ಲೋ?" ಎಂದು ಅವನು ಕೇಳಿದ. ಅವಳು ಥಟ್ಟನೆ ಉಸಿರೆಳೆದಳು. ಈ ಸಲ ಅವನಿಗೆ ಅರ್ಥವಾಯಿತು.

ಈಗ ನಾನಿರುವುದು ರೇವಣಯ್ಯನ ಮನೆಯ ಜಗಲಿಯ ಗೂಡಿನಲ್ಲಿ, ಪಂಚಾಂಗದ ಪಕ್ಕ. ಅವನೂ ನಿವೃತ್ತ, ನಾನೂ ಹೆಚ್ಚುಕಡಿಮೆ ನಿವೃತ್ತ. ಬ್ಯಾಟರಿ ಸೋರಿ ಬೆನ್ನು ತುಕ್ಕು ಹಿಡಿದಿದೆ. ನಿಮಿಷದ ಮುಳ್ಳು ನಾಲ್ಕರ ಹತ್ತಿರ ತಡವರಿಸುತ್ತದೆ, ಅವನು ತಲೆಗೊಂದು ತಟ್ಟುತ್ತಾನೆ. ಹಿರುತ್ ಹೋದ ಮೇಲೆ ಅವಳನ್ನೇ ಫೋನಿನಲ್ಲಿ ಕೇಳಿ ನನ್ನನ್ನು ಅವಳ ಊರಿನ ಸೂರ್ಯನಿಗೆ ಹೊಂದಿಸಿದ್ದಾನೆ. ಹೀಗಾಗಿ ಇಲ್ಲಿನ ಸೂರ್ಯನೂ ನನಗೆ ಲೆಕ್ಕಕ್ಕಿಲ್ಲ, ಇಲ್ಲಿನ ಗಡಿಯಾರವೂ ಇಲ್ಲ. ನಿಜವಾದ ಹೊತ್ತು ಯಾವುದೆಂದು ಕೇಳಿದರೆ ಮೊದಲಿಗಿಂತಲೂ ಹೆಚ್ಚು ಗೊಂದಲದಲ್ಲಿದ್ದೇನೆ. ಆದರೆ ಈಗ ಆ ಗೊಂದಲ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ.

ಹೋದ ವಾರ ಅವಳ ಫೋನು ಬಂದಿತ್ತು. ತಾಯಿಯ ಮನೆಯ ಪಾಯದ ಸುತ್ತ ಅಗೆದು, ಬೂದಿ ಬೆರೆಸಿದ ಮಣ್ಣು ತುಂಬಿಸಿ, ಹಳೆಯ ಬಿರುಕನ್ನು ಮೆತ್ತಿಸಿದ್ದಳಂತೆ. ಒಂದು ಇಡೀ ಮಳೆಗಾಲ ಕಳೆದಿದೆ.

"ಬಿರುಕು ಮತ್ತ ಬಿಟ್ಟಿಲ್ಲರಿ ಅಯ್ಯಾವ್ರ!" ಅವಳ ದನಿ ಫೋನಿನಿಂದ ಗೂಡಿನವರೆಗೂ ಕೇಳಿಸಿತು. "ಇವತ್ತ ಏಳು ಗಂಟೆಗೆ ನಾನೇ ನೋಡಿ ಬಂದೆ. ಗೆರೀನೂ ಇಲ್ಲ."

ರೇವಣಯ್ಯನ ಬಾಯಿ ಕಿವಿಯವರೆಗೆ ಹಿಗ್ಗಿತು. ಕೊಂಡಾಡಲು ಬಾಯಿ ತೆರೆದವನು ಹಾಗೆಯೇ ನಿಂತ. ನನ್ನತ್ತ ಒಮ್ಮೆ ತಿರುಗಿ ನೋಡಿ, ಕನ್ನಡಕ ಏರಿಸಿಕೊಂಡು, ಬಹಳ ಗಂಭೀರವಾಗಿ ಕೇಳಿದ:

"ಯಾವ ಏಳು, ತಂಗಿ?"